ಪೆಟ್ರೋಲ್ ಬಂಕಿನ ಕೆಲಸಗಾರ, 80 ಲಕ್ಷ ಡಾಲರ್ ಆಸ್ತಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ವರ್ಮಾಂಟ್ ರಾಜ್ಯದ ಹೂಡಿಕೆದಾರ ರೊನಾಲ್ಡ್ ರೀಡ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಈ ರೀಡ್ ನಿಜಕ್ಕೂ ಬಡವರಾಗಿದ್ದರೇ? ಅಪ್ಪ ಅಮ್ಮನಿಂದ ಏನಾದರೂ ಬಂದಿತ್ತೇ?

ಉತ್ತರ: ಆಸ್ತಿ ಬಂದಿರಲಿಲ್ಲ. 1921ರಲ್ಲಿ ಡಮರ್‌ಸ್ಟನ್ ಎಂಬ ಸಣ್ಣ ಊರಿನ ಬಡ ರೈತ ಕುಟುಂಬದಲ್ಲಿ ಹುಟ್ಟಿದವರು ಅವರು. ಆ ಮನೆಯಲ್ಲಿ ಹೈಸ್ಕೂಲು ಮುಗಿಸಿದ ಮೊದಲಿಗರೂ ಅವರೇ. ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದ ಮೇಲೆ ಬ್ರಾಟಲ್‌ಬರೋ ಊರಿನ ಪೆಟ್ರೋಲ್ ಬಂಕಿನಲ್ಲಿ ಸುಮಾರು 25 ವರ್ಷ ದುಡಿದರು. ನಂತರ ಜೆಸಿ ಪೆನ್ನಿ ಮಳಿಗೆಯಲ್ಲಿ ಸುಮಾರು 17 ವರ್ಷ ನೆಲ ಒರೆಸುವ, ಶುಚಿ ಮಾಡುವ ಕೆಲಸ. 2014ರ ಜೂನ್ 2ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಉಯಿಲು ತೆರೆದಾಗ ಆಸ್ತಿಯ ಮೌಲ್ಯ ಸುಮಾರು 80 ಲಕ್ಷ ಡಾಲರ್! ಅದರಲ್ಲಿ 48 ಲಕ್ಷ ಊರಿನ ಆಸ್ಪತ್ರೆಗೆ, 12 ಲಕ್ಷ ಬ್ರೂಕ್ಸ್ ಸ್ಮಾರಕ ಗ್ರಂಥಾಲಯಕ್ಕೆ ಹೋಯಿತು.

ಪ್ರಶ್ನೆ: ಆ ಸಂಬಳದಲ್ಲಿ ಇಷ್ಟು ಹಣ ಕೂಡುವುದು ಲೆಕ್ಕಕ್ಕೆ ಸಿಗುವುದಿಲ್ಲ. ಲಾಟರಿ ಹೊಡೆದಿರಬೇಕು ಅಲ್ಲವೇ?

ಉತ್ತರ: ಲಾಟರಿ ಬೇಕಾಗಿಲ್ಲ, ಕೂತು ಲೆಕ್ಕ ಹಾಕಿದರೆ ಸಿಗುತ್ತದೆ. ಅವರು ಯಾವ ತಿಂಗಳು ಎಷ್ಟು ಹಾಕಿದರು ಎಂಬುದು ಬೇರೆ ಮಾತು. ಇದು ಚಕ್ರಬಡ್ಡಿಯ ಬಲ ತೋರಿಸಲು ಹಾಕಿದ ಲೆಕ್ಕ ಮಾತ್ರ. ತಿಂಗಳಿಗೆ 300 ಡಾಲರ್ ಷೇರಿಗೆ ಹಾಕುತ್ತೀರಿ, ವರ್ಷಕ್ಕೆ ಶೇ. 8 ಬೆಳವಣಿಗೆ, ತಿಂಗಳು ತಿಂಗಳೂ ಅಸಲಿಗೆ ಸೇರುತ್ತಾ ಹೋಗುತ್ತದೆ ಎಂದಿಟ್ಟುಕೊಳ್ಳಿ. 40 ವರ್ಷಕ್ಕೆ ಸುಮಾರು 10.5 ಲಕ್ಷ ಡಾಲರ್ ಆಗುತ್ತದೆ. 50 ವರ್ಷಕ್ಕೆ ಸುಮಾರು 23.8 ಲಕ್ಷ. 65 ವರ್ಷಕ್ಕೆ ಸುಮಾರು 79.7 ಲಕ್ಷ. ಕೈಯಿಂದ ಹಾಕಿದ್ದು ಒಟ್ಟು 2.34 ಲಕ್ಷ ಮಾತ್ರ.

ಇಲ್ಲಿ ಕಣ್ಣಿಡಬೇಕಾದ ಜಾಗ ಕೊನೆಯ 25 ವರ್ಷ. ಮೊದಲ 40 ವರ್ಷದಲ್ಲಿ ಬೆಳೆದದ್ದಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳೆದದ್ದು ಆಗ. ರೀಡ್ ನಿವೃತ್ತಿಯ ನಂತರವೂ ಷೇರುಗಳನ್ನು ಕರಗಿಸಲಿಲ್ಲ, 90 ದಾಟುವವರೆಗೆ ಬದುಕಿದರು. ಅವರ ದೀರ್ಘಾಯುಷ್ಯವನ್ನು ಲೆಕ್ಕದಿಂದ ಕಳೆದರೆ ಈ ಕತೆಯೇ ಇಲ್ಲ. 67ನೇ ವಯಸ್ಸಿಗೇ ಎಲ್ಲ ಮಾರಿ ಬ್ಯಾಂಕಿನಲ್ಲಿ ಇಟ್ಟಿದ್ದರೆ ಇವರ ಹೆಸರು ನಿಮಗಾಗಲಿ ನಮಗಾಗಲಿ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಅಂಕಿಯನ್ನೂ ನೋಡಿ. ವರ್ಷಕ್ಕೆ ಶೇ. 1ರಷ್ಟು ಶುಲ್ಕ ಸೋರಿ ಬೆಳವಣಿಗೆ ಶೇ. 7ಕ್ಕೆ ಇಳಿದರೆ, ಅದೇ 65 ವರ್ಷಕ್ಕೆ ಸಿಗುವುದು ಸುಮಾರು 47.5 ಲಕ್ಷ. ಬರೀ ಒಂದು ಶೇಕಡಾಕ್ಕೆ 32 ಲಕ್ಷ ಡಾಲರ್ ಹೋಯಿತು. ಅಮೆರಿಕದಲ್ಲಿ 1975ರ ಮೇ 1ರವರೆಗೆ ಬ್ರೋಕರ್ ಕಮಿಷನ್ ದರ ನಿಗದಿಯಾಗಿತ್ತು, ದುಬಾರಿಯೂ ಆಗಿತ್ತು. ಪದೇ ಪದೇ ಕೊಂಡು ಮಾರುವ ಸಣ್ಣ ಹೂಡಿಕೆದಾರ ಲಾಭದ ದೊಡ್ಡ ಪಾಲನ್ನು ಬ್ರೋಕರ್ ಕೈಗೇ ಇಡುತ್ತಿದ್ದ. ರೀಡ್ ಕೊಂಡರೆ ಮಾರುತ್ತಿದ್ದದ್ದು ಅಪರೂಪ.

ಪ್ರಶ್ನೆ: ಷೇರುಗಳನ್ನು ಹೇಗೆ ಆರಿಸುತ್ತಿದ್ದರು? ತಪ್ಪೇ ಆಗಲಿಲ್ಲವೇ?

ಉತ್ತರ: ಆಗಿದೆ. 2008ರ ಸೆಪ್ಟೆಂಬರ್ 15ರಂದು ದಿವಾಳಿ ಘೋಷಿಸಿದ ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್‌ನ ಷೇರು ಅವರ ಬಳಿ ಇತ್ತು. ಆ ಹಣ ಮುಳುಗಿತು. ಆದರೆ ಸಾಯುವಾಗ ಅವರ ಕೈಲಿದ್ದದ್ದು ಕನಿಷ್ಠ 95 ಕಂಪನಿಗಳ ಷೇರು. 95ರಲ್ಲೂ ಸಮ ಪಾಲು ಎಂದುಕೊಂಡರೆ ಒಂದು ಪೂರ್ತಿ ಸೊನ್ನೆಯಾದಾಗ ಹೋಗುವುದು ಶೇ. 1ಕ್ಕೆ ಸ್ವಲ್ಪ ಹೆಚ್ಚು. ಉಳಿದವು ಅಷ್ಟೇ ಏರಿದರೆ ಹಳ್ಳ ತುಂಬಿತು. ಐದೇ ಕಂಪನಿ ಇಟ್ಟುಕೊಂಡವನಿಗೆ ಅದೇ ಪೆಟ್ಟು ಶೇ. 20, ಸರಿದೂಗಿಸಲು ಉಳಿದದ್ದು ಶೇ. 25 ಏರಬೇಕು.

ಪ್ರಾಕ್ಟರ್ ಅಂಡ್ ಗ್ಯಾಂಬಲ್, ಜಾನ್ಸನ್ ಅಂಡ್ ಜಾನ್ಸನ್, ಜೆಪಿ ಮಾರ್ಗನ್ ಚೇಸ್, ಜನರಲ್ ಎಲೆಕ್ಟ್ರಿಕ್, ಡೌ ಕೆಮಿಕಲ್, ಇಂಥವು ಅವರ ಆಯ್ಕೆ: ಲಾಭಾಂಶ (ಲಾಭದಲ್ಲಿ ಷೇರುದಾರರಿಗೆ ಪಾಲು) ಕೊಡುವ, ವ್ಯವಹಾರ ಅರ್ಥವಾಗುವ ಹಳೆಯ ಕಂಪನಿಗಳು. ತಂತ್ರಜ್ಞಾನದ ಷೇರುಗಳಿಂದ ದೂರ ಉಳಿದರು. ದಿನವೂ ವಾಲ್ ಸ್ಟ್ರೀಟ್ ಜರ್ನಲ್ ಓದುತ್ತಿದ್ದರು. ಅವರ ಪಟ್ಟಿಯನ್ನು ನಕಲು ಮಾಡಬೇಡಿ ಎಂದು ಒತ್ತಿ ಹೇಳುತ್ತೇವೆ. ಜನರಲ್ ಎಲೆಕ್ಟ್ರಿಕ್ ಮುಂದೆ 2018ರಲ್ಲಿ ಅಮೆರಿಕದ 30 ದೊಡ್ಡ ಕಂಪನಿಗಳ ಷೇರು ಬೆಲೆ ತೋರಿಸುವ ಡೌ ಜೋನ್ಸ್ ಸೂಚ್ಯಂಕದಿಂದಲೇ ಹೊರಬಿತ್ತು. ಅನುಸರಿಸಲು ಯೋಗ್ಯವಾದದ್ದು ಹಣ ಹರಡಿದ ರೀತಿ, ಮತ್ತು 1973–74, 1987, 2000, 2008ರ ಕುಸಿತಗಳಲ್ಲಿ ಗಾಬರಿಬಿದ್ದು ಎಲ್ಲ ಮಾರಿ ಹೊರಬರದ ಗಟ್ಟಿತನ. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಸೂಚ್ಯಂಕ ಒಂದೇ ದಿನಕ್ಕೆ ಶೇ. 22.6 ಬಿದ್ದಿತ್ತು.

ಪ್ರಶ್ನೆ: ಲಾಭಾಂಶವನ್ನು ಮತ್ತೆ ಹೂಡುವಾಗ ಏನು ಗಮನಿಸಬೇಕು?

ಉತ್ತರ: ಅಲ್ಲಿನ ಹೆಚ್ಚಿನ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲಾಭಾಂಶ ಕೊಡುತ್ತವೆ. ಮರುಹೂಡಿಕೆ ಯೋಜನೆಗೆ ಸೇರಿದರೆ ಆ ಹಣ ಕೈಗೆ ಬಾರದೆ ನೇರವಾಗಿ ಅದೇ ಷೇರಿಗೆ, ಷೇರಿನ ತುಣುಕಿಗಾದರೂ, ಹೋಗುತ್ತದೆ. ಸಾಮಾನ್ಯ (ನಿವೃತ್ತಿ ಖಾತೆಯಲ್ಲದ) ಖಾತೆಯಲ್ಲಿ ಕೈಗೆ ಬಾರದ ಆ ಹಣಕ್ಕೂ ಆ ವರ್ಷವೇ ತೆರಿಗೆ ಇದೆ. ಆದ್ದರಿಂದ ಹೀಗೆ ಕೊಂಡ ಪ್ರತಿ ತುಣುಕಿನ ದಿನಾಂಕ, ಬೆಲೆ ಬರೆದಿಡಬೇಕು. ಇಲ್ಲವಾದರೆ ಮುಂದೆ ಮಾರುವಾಗ ಮೊದಲು ಕೊಂಡ ಬೆಲೆಯನ್ನಷ್ಟೇ ಕಳೆದು ಲಾಭ ತೋರಿಸುತ್ತೀರಿ. ಒಮ್ಮೆ ತೆರಿಗೆ ಕಟ್ಟಿದ ಹಣಕ್ಕೆ ಇನ್ನೊಮ್ಮೆ ಕಟ್ಟಿದಂತಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಪ್ರಶ್ನೆ: ಅವರು ಜಿಪುಣರೇ?

ಉತ್ತರ: ತಮ್ಮ ಮಟ್ಟಿಗೆ ಬಹಳ ಬಿಗಿ. ತೊಡುವ ಕೋಟ್‌ಗೆ ಸೇಫ್ಟಿ ಪಿನ್ ಹಾಕಿಕೊಳ್ಳುತ್ತಿದ್ದರು, ಹಳೆಯ ಕಾರು ಓಡಿಸುತ್ತಿದ್ದರು, ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕುವ ಬದಲು ದೂರ ನಿಲ್ಲಿಸಿ ನಡೆದು ಬರುತ್ತಿದ್ದರು. ಆಸ್ಪತ್ರೆಗೂ ಗ್ರಂಥಾಲಯಕ್ಕೂ ಅಷ್ಟು ಕೊಟ್ಟವರನ್ನು ಜಿಪುಣ ಎನ್ನಲು ನಮಗೆ ಮನಸ್ಸು ಬಾರದು.

ಪ್ರಶ್ನೆ: ಷೇರುಪತ್ರಗಳನ್ನು ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದರಂತೆ. ಅದು ಸುರಕ್ಷಿತವೇ?

ಉತ್ತರ: ಹೌದು, ಸುಮಾರು 5 ಇಂಚು ದಪ್ಪದ ಕಟ್ಟು ಇತ್ತು. ಕಾಗದದ ಪತ್ರ ಕೈಲಿದ್ದರೆ ಮಾರುವುದು ತ್ರಾಸದ ಕೆಲಸ, ಅದು ಒಂದು ರೀತಿಯಲ್ಲಿ ಅವರನ್ನು ಕಾಪಾಡಿರಲೂಬಹುದು. ಆದರೆ ಪತ್ರ ಕಳೆದರೆ ಷೇರುದಾರರ ದಾಖಲೆ ಇಡುವ, ಕಂಪನಿಯ ಷೇರು ವರ್ಗಾವಣೆ ಏಜೆಂಟರಿಗೆ ಕೂಡಲೇ ತಿಳಿಸಿ, ಪ್ರಮಾಣಪತ್ರ ಕೊಟ್ಟು, ಸಾಮಾನ್ಯವಾಗಿ ಷೇರಿನ ಮಾರುಕಟ್ಟೆ ಬೆಲೆಯ ಶೇ. 2ರಿಂದ 3ರಷ್ಟು ಖರ್ಚಿನಲ್ಲಿ ಭದ್ರತಾ ಬಾಂಡ್ (ಕಳೆದ ಪತ್ರ ಬೇರೆಯವರ ಕೈಗೆ ಸಿಕ್ಕಿ ನಷ್ಟವಾದರೆ ತುಂಬಿಕೊಡುವ ಖಾತರಿ) ಮಾಡಿಸಿದ ಮೇಲೆಯೇ ಹೊಸದು ಸಿಗುವುದು. ವಿಳಾಸ ಬದಲಾದದ್ದು ತಿಳಿಸದೆ ಹಲವು ವರ್ಷ ಸಂಪರ್ಕವೇ ಇಲ್ಲದಿದ್ದರೆ, ವಾರಸುದಾರರಿಲ್ಲದ ಆಸ್ತಿ ಎಂದು ಷೇರು ರಾಜ್ಯ ಸರ್ಕಾರದ ವಶಕ್ಕೂ ಹೋಗಬಹುದು. ಹೆಸರನ್ನು ಕಂಪನಿಯ ದಾಖಲೆಯಲ್ಲೇ ಎಲೆಕ್ಟ್ರಾನಿಕ್ ಆಗಿ ನೋಂದಾಯಿಸುವ ನೇರ ನೋಂದಣಿ ವ್ಯವಸ್ಥೆ ಈಗ ಇದೆ, ಅದೇ ಲೇಸು.

ಪ್ರಶ್ನೆ: ಇಷ್ಟು ಆಸ್ತಿಗೆ ಮರಣಾನಂತರದ ತೆರಿಗೆ ಎಷ್ಟು?

ಉತ್ತರ: 2014ರಲ್ಲಿ ಒಕ್ಕೂಟ ಸರ್ಕಾರದ ಎಸ್ಟೇಟ್ ತೆರಿಗೆಗೆ 53.4 ಲಕ್ಷ ಡಾಲರ್ ವಿನಾಯಿತಿ ಇತ್ತು, ಅರ್ಹ ದಾನಸಂಸ್ಥೆಗೆ ಬಿಟ್ಟದ್ದು ಪೂರ್ತಿ ಕಳೆಯುತ್ತದೆ. 80 ಲಕ್ಷದಲ್ಲಿ ದಾನದ 60 ಲಕ್ಷ ಕಳೆದರೆ ಉಳಿದ 20 ಲಕ್ಷ ವಿನಾಯಿತಿಯ ಒಳಗೇ ಬರುತ್ತದೆ. ಅಷ್ಟೇ ಅಲ್ಲ, ವಾರಸುದಾರರ ಕೈಗೆ ಷೇರು ಬಂದಾಗ ಕೊಂಡ ಬೆಲೆ ಎಂದು ಪರಿಗಣಿಸುವುದು ಮರಣದ ದಿನದ ಬೆಲೆಯನ್ನು; ಹಿಂದಿನ ದಶಕಗಳ ಏರಿಕೆಗೆ ಅವರು ತೆರಿಗೆ ಕಟ್ಟಬೇಕಿಲ್ಲ. ಬಂಡವಾಳ ಲಾಭದ (ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿ ಬಂದ ಲಾಭದ) ಈ ಸೌಲಭ್ಯ, ತೆರಿಗೆ ರಿಯಾಯಿತಿಯ ನಿವೃತ್ತಿ ಖಾತೆಯಲ್ಲಿಟ್ಟ ಷೇರುಗಳಿಗೆ ಅನ್ವಯಿಸುವುದಿಲ್ಲ. ದಾನಸಂಸ್ಥೆಗೆ ಆ ತೆರಿಗೆಯ ಹೊರೆ ಇಲ್ಲ. ಅದಕ್ಕೇ ದಾನಕ್ಕೂ ಮಕ್ಕಳಿಗೂ ಹಂಚಬೇಕೆಂದಿರುವ ಅಮೆರಿಕದವರು ನಿವೃತ್ತಿ ಖಾತೆಯನ್ನು ದಾನಕ್ಕೆ, ಹೊರಗಿನ ಷೇರುಗಳನ್ನು ಮಕ್ಕಳಿಗೆ ಬರೆದಿಡುವುದು ಹೆಚ್ಚಿನ ಸಂದರ್ಭಗಳಲ್ಲಿ ಲಾಭ.