ಫೋಲ್ಡರ್‌ನಿಂದ ಹೆಸರು ತೆಗೆದರೂ ಹಳೆಯ ಖಜಾಂಚಿಗೆ ಫೈಲ್ ಏಕೆ ತೆರೆಯುತ್ತಿದೆ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ: ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪತ್ರಗಳೆಲ್ಲ ಗೂಗಲ್ ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿವೆ. ಅವಧಿ ಮುಗಿದ ಖಜಾಂಚಿಯವರ ಹೆಸರನ್ನು ಫೋಲ್ಡರ್‌ನಿಂದ ತೆಗೆದಿದ್ದೀರಿ. ಆದರೂ ಕೆಲವು ಫೈಲುಗಳು ಅವರಿಗೆ ತೆರೆದುಕೊಳ್ಳುತ್ತಿವೆ. ನಮ್ಮ ಸಂಘದಲ್ಲಿ ಎರಡು ಅವಧಿ ಕಾರ್ಯದರ್ಶಿಯಾಗಿ ಇದೇ ಪೇಚಿಗೆ ಸಿಕ್ಕಿದವನು ನಾನು, ಹಾಗಾಗಿ ತುಸು ಉದ್ದವಾಗಿಯೇ ಬರೆಯುತ್ತೇನೆ.

ಅವರು ಏನೋ ಕೈಚಳಕ ತೋರಿಸಿದ್ದಾರೆಂದು ಮೊದಲೇ ಅನುಮಾನಪಡಬೇಡಿ. ಡ್ರೈವ್‌ನಲ್ಲಿ ಒಂದು ಫೈಲನ್ನು ತಲುಪಲು ಹಲವು ದಾರಿಗಳಿವೆ, ನೀವು ಮುಚ್ಚಿದ್ದು ಒಂದನ್ನು ಮಾತ್ರ. ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನ ಫೈಲುಗಳಿಗೂ ಇಳಿಯುತ್ತದೆ, ಹಿಂದಕ್ಕೆ ಪಡೆದರೆ ಅಲ್ಲಿಂದಲೂ ಹೋಗುತ್ತದೆ. ಆದರೆ ಯಾವತ್ತೋ ಯಾರೋ ಆ ಫೈಲೊಂದನ್ನೇ ಬಿಡಿಯಾಗಿ ಅವರ ಇಮೇಲ್‌ಗೆ ಹಂಚಿದ್ದರೆ ಆ ಅನುಮತಿ ಫೈಲಿಗೇ ಅಂಟಿಕೊಂಡಿರುತ್ತದೆ. ಫೈಲನ್ನು ಬೇರೆ ಫೋಲ್ಡರ್‌ಗೆ ಸಾಗಿಸಿದರೂ ಅದು ಬೆನ್ನು ಬಿಡುವುದಿಲ್ಲ.

ಇನ್ನೊಂದು ದಾರಿ ಲಿಂಕ್. ಹಂಚಿಕೆಯಲ್ಲಿ ‘ಲಿಂಕ್ ಇರುವ ಯಾರಾದರೂ’ ಎಂದು ಇಟ್ಟಿದ್ದರೆ ಪಟ್ಟಿಯಿಂದ ಹೆಸರು ತೆಗೆದು ಏನೂ ಪ್ರಯೋಜನವಿಲ್ಲ. ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂದೋ ಹಾಕಿದ ಲಿಂಕ್ ಇವತ್ತಿಗೂ ಕೆಲಸ ಮಾಡುತ್ತದೆ, ಲಾಗಿನ್ ಕೂಡ ಬೇಕಿಲ್ಲ. ಅದನ್ನು ‘ನಿರ್ಬಂಧಿತ’ ಎಂದು ಬದಲಾಯಿಸಿ. ಬಳಿಕ ಅದೇ ಲಿಂಕನ್ನು ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ನಿಮ್ಮ ಲಾಗಿನ್ ಇಲ್ಲದೆ ತೆರೆಯುವ ಖಾಸಗಿ ಕಿಟಕಿಯಲ್ಲಿ, ತೆರೆದು ನೋಡಿ. ಲಾಗಿನ್ ಆಗಿ ಎಂದು ಕೇಳಿದರೆ ಆ ಬಾಗಿಲು ಮುಚ್ಚಿದೆ.

ಇವೆರಡೂ ಸುಲಭದವು. ನಮ್ಮನ್ನು ಕಾಡಿದ್ದು ಒಡೆತನ. ಮನೆಯ ಬೀಗದ ಕೈ ಯಾರ ಬಳಿ ಇದೆ ಎಂಬುದು ಬೇರೆ, ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಬೇರೆ ಅಲ್ಲವೇ? ಇಲ್ಲಿಯೂ ಹಾಗೆಯೇ. ಫೋಲ್ಡರ್ ನಿಮ್ಮದಾದರೂ ಅದರೊಳಗೆ ಖಜಾಂಚಿಯವರು ಸೃಷ್ಟಿಸಿದ ಫೈಲ್ ಅವರದೇ. ಅದು ತಿನ್ನುವ ಜಾಗವೂ ಅವರ ಖಾತೆಗೆ ಉಚಿತವಾಗಿ ಸಿಗುವ 15 ಜಿಬಿಯಲ್ಲೇ. ಮಾಲೀಕರನ್ನು ಅವರದೇ ಫೈಲಿನಿಂದ ಹೊರಹಾಕಲು ನಿಮಗೆ ಬರುವುದಿಲ್ಲ. ನೀವು ಹೇಳುವ ‘ಕೆಲವು ಫೈಲುಗಳು’ ಬಹುಶಃ ಇವೇ.

ನಮ್ಮಲ್ಲಿ ಆದದ್ದು ಇದರ ಮುಂದಿನ ಅಧ್ಯಾಯ. ನೀರಿನ ಟ್ಯಾಂಕರ್‌ಗಳ ಲೆಕ್ಕ ಒಂದು ಶೀಟ್‌ನಲ್ಲಿತ್ತು: ದಿನಾಂಕ, ಗಾಡಿಯ ಸಂಖ್ಯೆ, ಎಷ್ಟು ಲೀಟರ್, ಯಾರಿಗೆ ಎಷ್ಟು ಪಾವತಿ. ಅದನ್ನು ಶುರುಮಾಡಿದ್ದು ನನಗಿಂತ ಹಿಂದಿನ ಕಾರ್ಯದರ್ಶಿ. ಅವರು ಮನೆ ಖಾಲಿ ಮಾಡಿ ಹೋದ ಮೇಲೆ, ಜಾಗ ತುಂಬಿದೆ ಎಂಬ ಸಂದೇಶ ಬಂತೆಂದು ತಮ್ಮ ಡ್ರೈವ್ ಗುಡಿಸಿದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅಳಿಸಿದ ಫೈಲ್ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಎಲ್ಲರ ಪಾಲಿಗೂ ಇಲ್ಲವಾಗುತ್ತದೆ. ನಮಗೆ ಗೊತ್ತಾದದ್ದು ಲೆಕ್ಕ ಪರಿಶೋಧಕರು ಕೇಳಿದಾಗ. ಕೊನೆಗೆ ಕಾವಲುಗಾರರ ರಿಜಿಸ್ಟರ್ ತೆರೆದು, ಗೇಟಿನೊಳಗೆ ಬಂದ ಟ್ಯಾಂಕರ್‌ಗಳನ್ನು ಒಂದೊಂದಾಗಿ ಎಣಿಸಿದೆವು.

ಈಗ ನಿಮ್ಮ ಕೆಲಸ. ಡ್ರೈವ್‌ನ ಹುಡುಕಾಟದ ಪಟ್ಟಿಯ ಬಲತುದಿಯಲ್ಲಿ ಒಂದು ಗುರುತಿದೆ. ಅದನ್ನು ಒತ್ತಿ, ‘ಮಾಲೀಕರು’ ಎಂಬಲ್ಲಿ ಖಜಾಂಚಿಯವರ ಇಮೇಲ್ ಕೊಟ್ಟರೆ ಅವರ ಒಡೆತನದಲ್ಲಿದ್ದು ನಿಮಗೆ ಕಾಣುವ ಫೈಲುಗಳು ಸಿಗುತ್ತವೆ. ಆ ಪಟ್ಟಿ ಹಿಡಿದು ಅವರಿಗೆ ಫೋನ್ ಮಾಡಿ, ನೋಟಿಸ್ ಗೀಟಿಸ್ ಬೇಡ. ಒಡೆತನದ ವರ್ಗಾವಣೆ ಅವರ ಖಾತೆಯಿಂದಲೇ ಹೊರಡಬೇಕು, ನೀವು ಒಪ್ಪಿಕೊಂಡ ಮೇಲಷ್ಟೇ ಪೂರ್ತಿಯಾಗುತ್ತದೆ. ಒಪ್ಪಿಕೊಂಡೊಡನೆ ನಿಶ್ಚಿಂತರಾಗಬೇಡಿ: ಹಳೆಯ ಮಾಲೀಕರು ಎಡಿಟರ್ ಆಗಿ, ಅಂದರೆ ಫೈಲನ್ನು ತಿದ್ದಬಲ್ಲವರಾಗಿ, ಉಳಿಯುತ್ತಾರೆ, ಅದನ್ನು ನೀವೇ ಕೈಯಾರೆ ತೆಗೆಯಬೇಕು. ಅವರು ಒಪ್ಪದಿದ್ದರೆ, ಅಥವಾ ಕೈಗೇ ಸಿಗದಿದ್ದರೆ, ಪ್ರತಿ ಮಾಡಿಕೊಳ್ಳಿ. ಪ್ರತಿಯ ಮಾಲೀಕರು ನೀವೇ. ಹಳೆಯ ತಿದ್ದುಪಡಿಗಳ ಇತಿಹಾಸ ಮಾತ್ರ ಅದರಲ್ಲಿ ಬರುವುದಿಲ್ಲ. ಲೆಕ್ಕದ ಶೀಟಿನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ, ಆದ್ದರಿಂದ ಫೋನ್ ಕರೆಯೇ ಮೊದಲಿರಲಿ.

ಇನ್ನೊಂದನ್ನೂ ನೋಡಿಬಿಡಿ. ಎಡಿಟರ್ ಆದವರು ತಾವಾಗಿಯೇ ಬೇರೆಯವರನ್ನು ಸೇರಿಸಬಹುದು. ಬದಲಾಯಿಸದಿದ್ದರೆ ಅದೇ ಡ್ರೈವ್‌ನ ರೂಢಿ. ಖಜಾಂಚಿಯವರು ತಮ್ಮ ಕಚೇರಿಯ ಇಮೇಲನ್ನೋ ಮಗನದ್ದನ್ನೋ ಸೇರಿಸಿರಬಹುದು. ಹಂಚಿಕೆಯ ಕಿಟಕಿಯ ಮೇಲ್ತುದಿಯಲ್ಲಿರುವ ಹಲ್ಲುಚಕ್ರದ ಗುರುತು ಒತ್ತಿ ಈ ಅಧಿಕಾರವನ್ನು ತೆಗೆದುಹಾಕಿ. ಫೈಲಿನ ವಿವರಗಳಲ್ಲಿರುವ ‘ಚಟುವಟಿಕೆ’ ತೆರೆದರೆ ಯಾರು ಯಾರಿಗೆ ಯಾವಾಗ ಹಂಚಿದರೆಂಬುದೂ ತಿಳಿಯುತ್ತದೆ.

ಎಲ್ಲರನ್ನೂ ವೀಕ್ಷಕರನ್ನಾಗಿ ಮಾಡಿ ಡೌನ್‌ಲೋಡ್ ನಿಲ್ಲಿಸಿದರೆ ಸಾಕೇ ಎಂದೂ ಕೇಳಿದ್ದೀರಿ. ನಿಲ್ಲಿಸಿ, ತಪ್ಪಿಲ್ಲ. ಆದರೆ ಪರದೆಯ ಫೋಟೋ ತೆಗೆಯುವವರನ್ನು ಅದು ತಡೆಯುವುದಿಲ್ಲ. ಖಜಾಂಚಿಯವರು ಈಗಾಗಲೇ ಇಳಿಸಿಕೊಂಡ ಪ್ರತಿಗಳನ್ನಂತೂ ಯಾವ ಗುಂಡಿ ಒತ್ತಿದರೂ ಹಿಂದಕ್ಕೆ ತರಿಸಿಕೊಳ್ಳಲಾಗದು.