ಮೊದಲೇ ಹೇಳಿಬಿಡುವುದಾ, ಕಷ್ಟ ಬಂದಾಗ ಹೇಳುವುದಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಅವಳಿಗೆ ದೃಷ್ಟಿ ತೀರಾ ಕಡಿಮೆ. ಆದರೂ ಅಂಗವಿಕಲ ವಿದ್ಯಾರ್ಥಿಗಳ ನೆರವಿನ ಕಚೇರಿಗೆ ಹೆಸರು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಮೊದಲ ದಿನವೇ ಹಣೆಪಟ್ಟಿ ಯಾಕೆ, ಕಷ್ಟ ಬಂದಾಗ ನೋಡಿಕೊಂಡರಾಯಿತು ಎನ್ನುತ್ತಾಳೆ, ಅಲ್ವಾ?

ಹೆಸರು ಕೊಡಲಿ, ಈಗಲೇ ಕೊಡಲಿ. ನೆರವು ತಯಾರಾಗುವುದಕ್ಕೆ ಟೈಮ್ ಹಿಡಿಯುತ್ತದೆ. ಪರೀಕ್ಷೆಗೆ ಮೂರು ದಿನ ಇರುವಾಗ ಹೋದರೆ ಎಂಥ ಒಳ್ಳೆಯ ಕಚೇರಿಯೂ ಕೈಚೆಲ್ಲುತ್ತದೆ.

ಒಂದು ಪಿಡಿಎಫ್‌ನ ಕಥೆ ಕೇಳಿ. ಅಧ್ಯಾಪಕರು ಪುಸ್ತಕದ ಹತ್ತು ಪುಟ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ನಮ್ಮ ಕಣ್ಣಿಗೆ ಅದು ಅಕ್ಷರ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇದೆಯಲ್ಲ, ಆ ಸ್ಕ್ರೀನ್ ರೀಡರ್‌ಗೆ ಬರೀ ಫೋಟೋ. ಓದು ಅಂದರೆ ಪುಟ ಖಾಲಿ ಇದೆ ಎಂದು ಹೇಳಿ ಸುಮ್ಮನಾಗುತ್ತದೆ. ಒಸಿಆರ್ ಮಾಡಿಸಿದರೆ, ಅಂದರೆ ಫೋಟೋದಲ್ಲಿರುವುದನ್ನು ಕಂಪ್ಯೂಟರ್‌ನಿಂದ ಅಕ್ಷರವಾಗಿ ಬದಲಿಸಿದರೆ, ಅಕ್ಷರವೇನೋ ಬರುತ್ತದೆ. ಆದರೆ ಪುಟದಲ್ಲಿ ಎರಡು ಕಾಲಂ ಇದ್ದರೆ, ಕೆಲವೊಮ್ಮೆ ಎಡಗಡೆಯ ಅರ್ಧ ಸಾಲಿಗೆ ಬಲಗಡೆಯ ಅರ್ಧ ಸಾಲು ಸೇರಿಸಿ ಓದಿ ತಲೆ ತಿನ್ನುತ್ತದೆ. ಗ್ರಾಫ್ ಇದ್ದರಂತೂ ಕೇಳಲೇಬೇಡಿ. ಮೂಲ ವರ್ಡ್ ಫೈಲ್ ಕೊಟ್ಟಿದ್ದರೆ ಅರ್ಧ ತಾಪತ್ರಯ ತಪ್ಪುತ್ತಿತ್ತು! ಇದನ್ನು ಅಧ್ಯಾಪಕರಿಗೆಲ್ಲ ತಿಳಿಸಿ ಹೇಳುವ ಕೆಲಸ ಕಚೇರಿಯದು. ಮಗಳು ಒಬ್ಬೊಬ್ಬರ ಹಿಂದೆ ಅಲೆಯಬೇಕಿಲ್ಲ. ಅಂದಹಾಗೆ, ಸ್ಕ್ರೀನ್ ರೀಡರ್‌ಗೆ ದುಡ್ಡು ಬೇಕಲ್ಲ ಎಂದು ಕೇಳಿದ್ದೀರಿ. 2006ರಲ್ಲಿ ಶುರುವಾದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿಯೇ ಸಿಗುತ್ತದೆ.

ಕಚೇರಿಗೆ ಹೋದಾಗ ‘ಕಣ್ಣು ಸರಿಯಾಗಿ ಕಾಣುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ದೊಡ್ಡ ಅಕ್ಷರ ಓದಲಾಗುತ್ತದೆ, ಎಷ್ಟು ಹೊತ್ತಿಗೆ ಕಣ್ಣು ಸೋಲುತ್ತದೆ, ಬೋರ್ಡಿನ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳಿದರೆ ಸಾಕೇ? ಹೀಗೆ ಬಿಡಿಸಿ ಹೇಳಲಿ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು ಬೇಕಾದರೆ ಅವರ ಜೊತೆ ಮೊದಲೇ ಕೂತು ಅಭ್ಯಾಸ ಮಾಡಲಿ. ‘ಎ ಪ್ಲಸ್ ಬಿ ವರ್ಗ’ ಅಂದರೆ ಬಿಗೆ ಮಾತ್ರ ವರ್ಗವೋ, ಎರಡನ್ನೂ ಕೂಡಿಸಿದ ಮೇಲೋ? ಪರೀಕ್ಷೆ ಹಾಲ್‌ನಲ್ಲಿ ಇದನ್ನು ಬಿಡಿಸಿ ಹೇಳುತ್ತಾ ಕೂತರೆ ಹೆಚ್ಚುವರಿ ಸಮಯವೆಲ್ಲ ಅಲ್ಲೇ ಕರಗುತ್ತದೆ.

ಇನ್ನು ಹಣೆಪಟ್ಟಿಯ ಮಾತು. ವೈದ್ಯರ ಪತ್ರ ಸಾಮಾನ್ಯವಾಗಿ ಕಚೇರಿಯಲ್ಲೇ ಉಳಿಯುತ್ತದೆ. ಅಧ್ಯಾಪಕರಿಗೆ ಹೋಗುವುದು ಏನೇನು ಅನುಕೂಲ ಮಾಡಿಕೊಡಬೇಕು ಎಂಬ ಪಟ್ಟಿ. ಹೌದೋ ಅಲ್ಲವೋ ಎಂದು ಮಗಳೇ ಕೇಳಿ ಖಾತ್ರಿ ಮಾಡಿಕೊಳ್ಳಲಿ. ಕೇಳುವುದಕ್ಕೆ ಸಂಕೋಚವಾದರೆ ಎಡ್ ರಾಬರ್ಟ್ಸ್ ಬಗ್ಗೆ ಹೇಳಿ. ಪೋಲಿಯೊದಿಂದ ಕೈಕಾಲು ಸ್ವಾಧೀನ ತಪ್ಪಿದ್ದ ಇವರು 1962ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿ ಸೇರಿದರು. ಉಸಿರಾಡಲು ಅವರಿಗೆ ಬೇಕಿದ್ದ ದೊಡ್ಡ ಯಂತ್ರವನ್ನು ಹಾಸ್ಟೆಲ್‌ನಲ್ಲಿ ಇಡುವಂತಿರಲಿಲ್ಲ. ಕ್ಯಾಂಪಸ್ ಆಸ್ಪತ್ರೆಯಲ್ಲೇ ವಾಸ. ಅಲ್ಲಿದ್ದ ವಿದ್ಯಾರ್ಥಿಗಳೇ ಪಟ್ಟು ಹಿಡಿದು 1970ರಲ್ಲಿ ತಮ್ಮಂಥವರಿಗಾಗಿ ನೆರವಿನ ವ್ಯವಸ್ಥೆ ಶುರುಮಾಡಿಸಿದರು. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ಆದ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ಉನ್ನತ ಶಿಕ್ಷಣಕ್ಕೂ ಇಂಥ ಅನುಕೂಲ ಕೊಡಬೇಕೆಂಬ ಮಾತು ಸೇರಿದೆ.

ಜೊತೆಗೆ ನಾನೂ ಹೋಗಲಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬಾಗಿಲವರೆಗೆ ಹೋಗಿ. ಒಳಗೆ ಅವಳೇ ಮಾತಾಡಲಿ. ಬಹಳ ಕಡೆ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ತಂದೆತಾಯಿಯ ಹತ್ತಿರ ಏನೂ ಹೇಳುವುದಿಲ್ಲ. ಒಪ್ಪಿಗೆ ಕೊಡಬೇಕೋ ಬೇಡವೋ ಎಂಬುದನ್ನೂ ಅವಳಿಗೇ ಬಿಡಿ.

– ಸಂ.