ಸೆಕೆಗೆ ಕರಗಿದ ವಾಕಿಂಗ್ ಬಳಗ

ಓದುಗರ ಪತ್ರ: ಬೆಂಗಳೂರಿನಲ್ಲಿ 34 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಮೇಲೆ ಮಣಿಪಾಲದ ಹತ್ತಿರ ಮನೆ ಕಟ್ಟಿಕೊಂಡಿದ್ದೇವೆ. ಡಿಸೆಂಬರಿನಲ್ಲಿ 11 ಜನ ಸೇರಿ ಬೆಳಗ್ಗೆ 6.30ರ ವಾಕಿಂಗ್ ಬಳಗ ಶುರು ಮಾಡಿದೆವು. ಏಪ್ರಿಲ್ ಹೊತ್ತಿಗೆ ಮೂವರು ಉಳಿದೆವು. ಮಳೆ ಹಿಡಿದ ಮೇಲೆ ನಾನೊಬ್ಬನೇ. ಸಂಜೆ ನಮ್ಮ ತಾರಸಿಯ ಶೀಟಿನಡಿ ಹರಟೆಕೂಟ ಮಾಡಿ ನೋಡಿದೆ, ಅದೂ ನಿಲ್ಲಲಿಲ್ಲ. ಹೆಂಡತಿಗೆ ತುಳು ಬಾರದು, ಅವಳು ಹೊರಡುವುದೇ ಇಲ್ಲ. ಇಲ್ಲಿಯ ಜನ ಬೆರೆಯುವುದಿಲ್ಲವೋ, ನಮ್ಮದೇ ತಪ್ಪೋ? 20 ಪ್ಲಾಸ್ಟಿಕ್ ಕುರ್ಚಿ ಕೊಂಡು, ಸಂಘ ಅಂತ ನೋಂದಾಯಿಸಿಬಿಟ್ಟರೆ ಸರಿಹೋದೀತೇ?

ಸಂಪಾದಕರ ಉತ್ತರ:

ಜನರನ್ನು ದೂರಬೇಡಿ, ನಿಮ್ಮನ್ನೂ ದೂರಿಕೊಳ್ಳಬೇಡಿ. ತಪ್ಪಿದ್ದು ಗಡಿಯಾರ. ಬೆಂಗಳೂರಿನಲ್ಲಿ ವರ್ಷವಿಡೀ 6.30 ಎಂದಿಟ್ಟುಕೊಂಡರೆ ನಡೆಯುತ್ತದೆ, ಕರಾವಳಿಯಲ್ಲಿ ನಡೆಯುವುದಿಲ್ಲ. ಉಡುಪಿ ಕಡೆ ಡಿಸೆಂಬರ್ ನಡುವಿಗೆ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಜನವರಿ ಕೊನೆಗೆ ಇನ್ನೂ ತಡವಾಗಿ 7ರ ಹತ್ತಿರ. ಏಪ್ರಿಲ್ ನಡುವಿಗೆ ಅದು 6.20, ಮೇ ಕೊನೆಗೆ 6.05ರ ಆಸುಪಾಸು. ಎಂದರೆ ಡಿಸೆಂಬರಿನಲ್ಲಿ ಮಬ್ಬುಗತ್ತಲೆಯ ತಂಪಿನಲ್ಲಿ ಹೊರಟ ಅದೇ 11 ಜನ ಏಪ್ರಿಲಿನಲ್ಲಿ ಬಿಸಿಲು ಬಿದ್ದ ಮೇಲೆ ಹೊರಡುತ್ತಿದ್ದರು. ಮನೆ ಸೇರುವಾಗ ಅಂಗಿ ಹಿಂಡಿದರೆ ನೀರು. 65 ದಾಟಿದವರು ಇದನ್ನು ಎಷ್ಟು ದಿನ ಸಹಿಸಿಯಾರು?

ಇಲ್ಲಿಯ ಸೆಕೆ ಕಲಬುರಗಿಯ ಬಿಸಿಲಿನಂತಲ್ಲ. ಅಲ್ಲಿ 42 ಡಿಗ್ರಿ ಇದ್ದರೂ ಬೆವರು ಮೈಮೇಲೆಯೇ ಆರುತ್ತದೆ, ಆರುವಾಗ ಮೈಯ ಬಿಸಿ ಎಳೆದುಕೊಂಡು ಹೋಗುತ್ತದೆ. ಇಲ್ಲಿ 33 ಇದ್ದರೂ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಮೈಯ ನೀರೂ ಉಪ್ಪೂ ಹೋಯಿತು, ತಂಪು ಸಿಗಲಿಲ್ಲ. ಸಾಲದ್ದಕ್ಕೆ ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಮತ್ತು ಈ ವಯಸ್ಸಿನವರಲ್ಲಿ ಅನೇಕರು ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುತ್ತಾರೆ. 'ಯಾಕೋ ಸುಸ್ತು' ಎಂದು ಮೊದಲು ಬಿಟ್ಟವರು ಸೋಮಾರಿಗಳಾಗಿರಲಾರರು.

ಆದ್ದರಿಂದ ಸಮಯವನ್ನು ಗಡಿಯಾರಕ್ಕೆ ಕಟ್ಟಬೇಡಿ, ಸೂರ್ಯನಿಗೆ ಕಟ್ಟಿ. 'ಸೂರ್ಯೋದಯಕ್ಕೆ 15 ನಿಮಿಷ ಮೊದಲು, 40 ನಿಮಿಷ ಮಾತ್ರ' ಎಂಬುದು ಸರಿಯಾದ ಲೆಕ್ಕ. ತಿಂಗಳ 1ನೇ ತಾರೀಕಿಗೆ ಹೊಸ ಸಮಯ ಹೇಳಿಬಿಡಿ. ಮಾರ್ಚಿನಿಂದ ಮೇವರೆಗೆ ವಾರಕ್ಕೆ ಮೂರೇ ದಿನ ಸಾಕು.

ದಾರಿಯ ವಿಷಯವೂ ಇದೆ. ನೀವು ನೇರ ರಸ್ತೆಯಲ್ಲಿ ಹೋಗಿ ತಿರುಗಿ ಬರುತ್ತಿದ್ದಿರಬೇಕು. 11 ಜನ ನೇರ ದಾರಿ ಹಿಡಿದರೆ ಎರಡೇ ವಾರದಲ್ಲಿ ನಾಲ್ವರು ಮುಂದೆ, ಐವರು ನಡುವೆ, ಮಂಡಿನೋವಿನ ಇಬ್ಬರು ಹಿಂದೆ. ಆ ಇಬ್ಬರು ಮಾತಿಗೆ ಜನವಿಲ್ಲದೆ ಮೊದಲು ಬಿಡುತ್ತಾರೆ, ಆಮೇಲೆ ನಡುವಿನವರು. ಸುತ್ತು ದಾರಿ ಹುಡುಕಿ: 500-600 ಮೀಟರಿನ ಸುತ್ತು, ಸಮತಟ್ಟು, ಒಂದು ಕಡೆ ಕೂರಲು ಕಟ್ಟೆ. ಬಿರುಸಿನವರು ಐದು ಸುತ್ತು ಹಾಕಲಿ, ನಿಧಾನದವರು ಎರಡು. ಎಲ್ಲರೂ ಒಬ್ಬರಿಗೊಬ್ಬರು ಎದುರಾಗುತ್ತಾರೆ, ಕೊನೆಗೆ ಒಂದೇ ಕಟ್ಟೆಗೆ ಬರುತ್ತಾರೆ. ಮಣಿಪಾಲವೆಂದರೆ ಗುಡ್ಡ. ಇಳಿಯುವಾಗ ಹಿತ, ಹತ್ತುವಾಗ ಏದುಸಿರು. ಶಾಲೆಯ ಮೈದಾನ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಕಟ್ಟೆಯಲ್ಲಿ ಕುಡಿಯಲು ಏನಾದರೂ ಇರಲಿ. 12 ಜನಕ್ಕೆ ಅರ್ಧ ಲೀಟರ್ ಮೊಸರು, ಎರಡು ಲೀಟರ್ ನೀರು, ಒಂದೂವರೆ ಚಮಚ ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ತಲೆಗೊಂದು ಲೋಟ ಬರುತ್ತದೆ. ಬೊಂಡ (ಎಳನೀರು) ಕುಡಿದರೆ ಸಾಕಲ್ಲ ಎನ್ನುವವರಿದ್ದಾರೆ. ಬೊಂಡದಲ್ಲಿ ಪೊಟ್ಯಾಶಿಯಂ ಹೆಚ್ಚು, ಉಪ್ಪಿನಂಶ ಕಡಿಮೆ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಪುನರ್ಪುಳಿ (ಕೋಕಂ) ಶರಬತ್ತಿನಲ್ಲಿ ಸಕ್ಕರೆಯದ್ದೇ ಪಾಲು ಹೆಚ್ಚು, ಸಕ್ಕರೆ ಕಾಯಿಲೆಯವರಿಗೆ ಬೇರೆ ಮಾಡಿ. ನಿಜವಾಗಿ ಬೆವರಿ ಸುಸ್ತಾದವರಿಗೆ ಓಆರ್‌ಎಸ್ ಪೊಟ್ಟಣ, ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಇಡೀ ಪೊಟ್ಟಣ, ದೊಡ್ಡದಾದರೆ ಒಂದು ಲೀಟರ್. ಅರ್ಧ ಲೋಟಕ್ಕೆ ಪೊಟ್ಟಣವೆಲ್ಲ ಸುರಿದು ಕುಡಿಸುವುದು ದೊಡ್ಡ ತಪ್ಪು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಚಹಾ ಚಮಚದಲ್ಲಿ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಹೃದಯದ ತೊಂದರೆ, ಬಿಪಿ ಇರುವವರು ಉಪ್ಪಿನ ವಿಷಯವನ್ನು ತಮ್ಮ ವೈದ್ಯರ ಹತ್ತಿರ ಮೊದಲೇ ಮಾತಾಡಿಕೊಂಡಿರಲಿ. ಯಾರಾದರೂ ಮೈ ಸುಡುತ್ತಾ ಅಸಂಬದ್ಧ ಮಾತಾಡತೊಡಗಿದರೆ ಮಜ್ಜಿಗೆ ಹುಡುಕುತ್ತ ಕೂರಬೇಡಿ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬಾರದು.

ಇನ್ನು ತಾರಸಿಯ ಶೀಟು. ಹೇಳಲು ಬೇಸರ, ಆದರೆ ನಿಮ್ಮ ಕೂಟವನ್ನು ಕೊಂದದ್ದು ಅದೇ. ಸಂಜೆ 5ಕ್ಕೆ ಶೀಟು ಮೇಲಿನಿಂದ ಕಾಯುತ್ತದೆ, ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಕೆಳಗಿನಿಂದ ಕಾಯುತ್ತದೆ, ನಡುವೆ ನೀವು. ಮಳೆಗಾಲದಲ್ಲಿ ಸೆಕೆ ಇಲ್ಲ ನಿಜ, ಆದರೆ ಶೀಟಿನ ಮೇಲೆ ಜಡಿಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸದು. ಕಿವಿ ಮಂದವಾದವರಿಗೆ ಆ ಹೊತ್ತು ಶಿಕ್ಷೆ. ಅವರು 'ಕೇಳಿಸುತ್ತಿಲ್ಲ' ಎನ್ನುವುದಿಲ್ಲ. ನಕ್ಕವರ ಜೊತೆ ನಕ್ಕು, ಮುಂದಿನ ವಾರ 'ಸ್ವಲ್ಪ ಕೆಲಸವಿತ್ತು' ಎನ್ನುತ್ತಾರೆ.

ಈ ಕಿವಿಯ ಸಂಗತಿಗೆ ಸ್ವಲ್ಪ ಜಾಗ ಕೊಡುತ್ತೇವೆ, ಏಕೆಂದರೆ ಹಿರಿಯರು ಕೂಟ ಬಿಡುವುದಕ್ಕೆ ಮಂಡಿನೋವಿನಷ್ಟೇ ಇದೂ ಕಾರಣ, ಆದರೆ ಮಂಡಿಯ ಮಾತು ಎಲ್ಲರೂ ಆಡುತ್ತಾರೆ, ಕಿವಿಯದನ್ನು ಮುಚ್ಚಿಡುತ್ತಾರೆ. ಹೆಂಚಿನ ಮಾಡಿನ ಚಾವಡಿ ಅಥವಾ ನೆಲಮಹಡಿಯ ಕೋಣೆ ನೋಡಿ. ಕುರ್ಚಿಗಳನ್ನು ಸಾಲಾಗಿ ಇಡಬೇಡಿ, ವೃತ್ತವಾಗಿ ಇಡಿ. ಬೆಳಕು ಮಾತಾಡುವವರ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ, ತುಟಿ ಕಾಣದೆ ಹೋಗುತ್ತದೆ. ಎಂಟು-ಹತ್ತು ಜನ ದಾಟಿದರೆ ಎರಡು ವೃತ್ತ ಮಾಡಿ. ಟಿವಿ ಬಂದ್. ಶ್ರವಣ ಸಾಧನ ಹಾಕುವವರಿಗೆ ಇಲ್ಲಿಯ ಬೆವರೂ ತೇವವೂ ಶತ್ರು. ರಾತ್ರಿ ಒರೆಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಮಳೆಗಾಲದಲ್ಲಿ 'ಮಿಷನ್ ಕೆಟ್ಟಿದೆ' ಎಂದು ಕಪಾಟಿಗೆ ಸೇರಿದ ಎಷ್ಟೋ ಸಾಧನಗಳಿಗೆ ಆಗಿರುವುದು ತೇವದ ಬಾಧೆಯಷ್ಟೇ.

ಮಳೆಗಾಲದ ಕೂಟ 4ಕ್ಕೆ ಶುರುವಾಗಿ 5.45ಕ್ಕೆ ಮುಗಿಯಲಿ. ಕಣ್ಣಿನ ಪೊರೆ ಇರುವವರು ಒದ್ದೆ ರಸ್ತೆಯಲ್ಲಿ ಎದುರು ಗಾಡಿಯ ಬೆಳಕಿಗೆ ಹೆದರುತ್ತಾರೆ, ಹೆದರಬೇಕಾದದ್ದೇ. ಅಂಗಳದ ಕೆಂಪುಕಲ್ಲಿಗೆ ಜೂನಿನಲ್ಲೇ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಗೇಟಿನಿಂದ ಬಾಗಿಲವರೆಗೆ ತೆಂಗಿನ ಗರಿಯೋ ಗೋಣಿಯೋ ಹಾಸಿ. ಕೊಡೆಯ ನೀರು ನಯವಾದ ಟೈಲ್ಸಿನ ಮೇಲೆ ಇಳಿಯದಂತೆ ಜಗಲಿಯಲ್ಲೇ ಒಂದು ಬಕೆಟ್ ಇಡಿ. ಒಬ್ಬರು ಜಾರಿ ಬಿದ್ದರೆ ಆ ವರ್ಷದ ಕೂಟ ಅಲ್ಲಿಗೆ ಮುಗಿಯಿತು.

ತಿಂಡಿಗೂ ಒಂದು ನಿಯಮ ಬೇಕು. ಮೊದಲ ಮನೆಯಲ್ಲಿ ಚಹಾ-ಬಿಸ್ಕತ್ತು, ಎರಡನೆಯದರಲ್ಲಿ ಗೋಳಿಬಜೆ, ಮೂರನೆಯದರಲ್ಲಿ ಪತ್ರೊಡೆ, ಪಾಯಸ. ನಾಲ್ಕನೆಯ ಮನೆಯವರು 'ನಮಗಾಗದಪ್ಪ' ಎಂದು ಹಿಂದೆ ಸರಿಯುತ್ತಾರೆ, ಸರಿಯುವುದು ಸಾಮಾನ್ಯವಾಗಿ ಆ ಮನೆಯ ಹೆಂಗಸು. ಚಹಾ, ಒಂದು ಒಣ ತಿಂಡಿ, ಅಷ್ಟೇ. ಲೋಟ ತೊಳೆಯುವುದು ಬಂದ ಗಂಡಸರ ಪಾಲಿಗಿರಲಿ.

ಈಗ ಮುಖ್ಯ ಮಾತಿಗೆ ಬರೋಣ. ಬರೀ ಹರಟೆಗೆಂದು ಕರೆದರೆ ಕರಾವಳಿಯ ಜನ ಬರುವುದು ಕಡಿಮೆ. ಕೆಲಸವೊಂದಿದ್ದರೆ ಬರುತ್ತಾರೆ, ಹರಟೆ ಅದರ ಬೆನ್ನಿಗೇ ಬರುತ್ತದೆ. ಭಜನೆ, ಜೀರ್ಣೋದ್ಧಾರ ಸಮಿತಿ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನ, ಎಲ್ಲವೂ ಈ ಜಾತಿಯದೇ. ಆ ಕೆಲಸಗಳಿಗೂ ಋತುವಿದೆ. ಮೇ ಕೊನೆಯ ಪತ್ತನಾಜೆಗೆ (ತುಳು ಬೇಶ ತಿಂಗಳ 10ನೇ ದಿನ) ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಎಂದರೆ ತಿರುಗಾಟ ಮುಗಿಸುತ್ತವೆ, ನವೆಂಬರ್-ಡಿಸೆಂಬರಿನವರೆಗೆ ಬಯಲಾಟ ಇಲ್ಲ. ಆ ಖಾಲಿ ತಿಂಗಳುಗಳಲ್ಲಿ, ಹೆಚ್ಚಾಗಿ ತುಳುವರ ಆಟಿ-ಸೋಣದಲ್ಲಿ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ), ದೇವಸ್ಥಾನದ ಚಾವಡಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ನಿಮ್ಮ ಮನೆಯವರ ತುಳುವಿನ ಸಮಸ್ಯೆಗೆ ಮದ್ದು ಅಲ್ಲೇ ಇದೆ. ತುಳು ಮಾತಾಡುವ ಊರಿನಲ್ಲೂ ತಾಳಮದ್ದಳೆಯ ಅರ್ಥ, ಎಂದರೆ ಮಾತುಗಾರಿಕೆ, ಸಂಪ್ರದಾಯವಾಗಿ ಕನ್ನಡದಲ್ಲಿ, ಅದೂ ಇಂಗ್ಲಿಷ್ ಪದ ಸೋಂಕದ ಕನ್ನಡದಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ-ಚೆಂಡೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯ ಹಿಡಿದು ಆಶುವಾಗಿ ಮಾತಾಡುತ್ತಾರೆ. ಮಂಡಿನೋವಿನವರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಕಲೆ ಇಲ್ಲ.

ಹವ್ಯಾಸಿ ಸಂಘಗಳಲ್ಲಿ ಮಹಿಳೆಯರ ತಂಡಗಳೂ ಇವೆ. ಮೊದಲ ಎರಡು-ಮೂರು ವಾರ ಸುಮ್ಮನೆ ಕೇಳುಗರಾಗಿ ಹೋಗಿ, ಮುಂದಿನ ಸಾಲಿನಲ್ಲೇ ಕೂರಿ. ನಂತರ ಪ್ರಸಂಗದ (ಆಡುವ ಕಥೆಯ) ಪದ್ಯಗಳ ನಕಲು ಕೇಳಿಕೊಳ್ಳಿ. ಕೊಡದ ಭಾಗವತರು ಅಪರೂಪ. ಮೊದಲಿಗೆ ದೂತ, ಸಾರಥಿಯಂಥ ಪಾತ್ರ ಸಾಕು, ನಾಲ್ಕೈದು ಪದ್ಯ ಬರುತ್ತದೆ. ಹೊಸಬರ ತಪ್ಪು ಒಂದೇ: ಮನೆಯಲ್ಲಿ ಬರೆದು ಉರುಹೊಡೆದ ಮಾತನ್ನು ಎದುರಾಳಿ ಏನು ಕೇಳಿದರೂ ಒಪ್ಪಿಸುವುದು. ಎದುರಿನವರ ಕೊನೆಯ ವಾಕ್ಯ ಹಿಡಿದು ಉತ್ತರ ಕೊಟ್ಟರೆ ಎರಡೇ ನಿಮಿಷ ಮಾತಾಡಿದರೂ ಚೆನ್ನ. ಜೊತೆಗೆ ನಿಮ್ಮ ಮನೆಯವರು ತುಳುವನ್ನೂ ನಾಲ್ಕು ಮಾತು ಕಲಿಯಲಿ. 'ಎಂಚ ಉಲ್ಲರ್' (ಹೇಗಿದ್ದೀರಿ), 'ವಣಸ್ ಆಂಡಾ' (ಊಟವಾಯಿತೇ) ಎಂದರೆ ಸಾಕು, ಎದುರಿನವರು ನಕ್ಕು ಕನ್ನಡಕ್ಕೆ ತಿರುಗುತ್ತಾರೆ. ಹಿರಿಯರಿಗೆ 'ಈರ್' ಎನ್ನಬೇಕು, 'ಈ' ಎಂದರೆ ಏಕವಚನವಾಯಿತು.

ನವೆಂಬರಿಗೆ ನಿಮ್ಮ ಕೈಯಲ್ಲೇ ಒಂದು ಕೆಲಸವಿದೆ. ಬ್ಯಾಂಕಿನವರಾದ ನಿಮಗೆ ಪಿಂಚಣಿದಾರರ ಜೀವನ ಪ್ರಮಾಣಪತ್ರದ ತಿಂಗಳು ಗೊತ್ತೇ ಇದೆ. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ ಅದು ಅಕ್ಟೋಬರ್ 1ರಿಂದಲೇ ಶುರು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಎರಡು ಶನಿವಾರ ಮೇಜು ಹಾಕಿ ಕೂರಿ. ಫೋನಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್‌ಆರ್‌ಡಿ ಎಂಬ ಎರಡು ಆ್ಯಪ್ ಬೇಕು. ಬರುವವರು ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಓಟಿಪಿ ಬರುವ ಫೋನ್ ತರಲಿ. ಮುಖದ ಮೇಲೆ ಬೆಳಕಿರಲಿ, ಕನ್ನಡಕ ತೆಗೆಯಲಿ, ಕಣ್ಣು ಮಿಟುಕಿಸಿ ಎಂದಾಗ ಮಿಟುಕಿಸಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಚಿತ್ರ ಹಿಡಿಯದೆ ಮತ್ತೆ ಮತ್ತೆ ಹೋಗುತ್ತದೆ. ಓಟಿಪಿಯನ್ನು ಅವರೇ ಹಾಕಲಿ, ನೀವು ಕೇಳಿ ಬರೆದುಕೊಳ್ಳಬೇಡಿ. ಆ ಎರಡು ಶನಿವಾರ ನಿಮಗೆ ಆಗುವ ಪರಿಚಯ ಒಂದು ವರ್ಷದ ವಾಕಿಂಗಿನಲ್ಲೂ ಆಗಲಾರದು.

ಜಾಗ ಆರಿಸುವಾಗ ಬಸ್ಸು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣವಿದೆ, 60 ದಾಟಿದ ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿಯಿದೆ. ಆದರೆ ಉಡುಪಿ, ಮಂಗಳೂರಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಇವೆರಡೂ ಇಲ್ಲ. ಆ ಬಸ್ಸುಗಳು ಕಾಲಿಡುವ ಮೊದಲೇ ಹೊರಡುವ ಅವಸರದವು. ನಿಲ್ದಾಣದಿಂದ 200 ಮೀಟರಿನೊಳಗೆ, ಏರು ಇಲ್ಲದ ಕಡೆ ಸೇರಿ. ಎರಡು ಸಲ ಬಾರದವರಿಗೆ ಅದೇ ಸಂಜೆ ಫೋನ್ ಮಾಡುವ ಕೆಲಸ ಒಬ್ಬರಿಗೆ ವಹಿಸಿ. ವಾಟ್ಸಾಪಿನಲ್ಲಿ ಕೇಳಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಮೂವರು ಬಂದರೂ ಕೂಟ ನಡೆಯಲಿ. ಒಮ್ಮೆ ರದ್ದಾದರೆ ಮುಂದಿನ ವಾರ 'ಇದೆಯೋ ಇಲ್ಲವೋ' ಎಂಬ ಅನುಮಾನದಲ್ಲೇ ಅರ್ಧ ಜನ ಮನೆಯಲ್ಲಿ ಉಳಿಯುತ್ತಾರೆ.

ನೋಂದಣಿ ಈಗ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘವಾಗುತ್ತದೆ, ಅದು ಕಷ್ಟವಲ್ಲ. ಆಮೇಲೆ ವರ್ಷ ವರ್ಷ ಮಹಾಸಭೆ, ಲೆಕ್ಕ ತಪಾಸಣೆ, ಪಟ್ಟಿ ಸಲ್ಲಿಕೆ. ಜೊತೆಗೆ ಅಧ್ಯಕ್ಷರು ಯಾರು ಎಂಬ ಪ್ರಶ್ನೆ, ಅದೊಂದೇ ಸಾಕು ಹತ್ತು ಜನರ ಸ್ನೇಹ ಹಾಳಾಗಲು. ಬಳಗದ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕೇಬೇಕು ಎನ್ನುವ ದಿನ ಬಂದಾಗ ನೋಂದಾಯಿಸಿ. ಅಲ್ಲಿಯವರೆಗೆ ತಲೆಗೆ ತಿಂಗಳಿಗೆ 100 ರೂಪಾಯಿ, ಒಂದು ನೋಟ್‌ಪುಸ್ತಕ, ಲೆಕ್ಕ ಒಬ್ಬರ ಕೈಯಲ್ಲಿ, ಹಣದ ಡಬ್ಬಿ ಇನ್ನೊಬ್ಬರ ಕೈಯಲ್ಲಿ.

ಕುರ್ಚಿ 20 ಬೇಡ, ಎಂಟು ಸಾಕು. ಕೈ ಇರುವಂಥವು, ಕೂರುವ ಎತ್ತರ 17-18 ಇಂಚು. ಅದಕ್ಕಿಂತ ತಗ್ಗಿದ್ದರೆ ಮಂಡಿನೋವಿನವರಿಗೆ ಏಳಲಾಗದು. ಕೈ ಇಲ್ಲದ ಹಗುರ ಕುರ್ಚಿಯ ಅಂಚು ಹಿಡಿದು ಎದ್ದರೆ ಕುರ್ಚಿ ಮಗುಚುತ್ತದೆ. ಕೊಳ್ಳುವ ಮೊದಲು ಅಂಗಡಿಯ ಟೈಲ್ಸಿನ ಮೇಲೆ ಒಂದನ್ನಿಟ್ಟು, ಕೂತು, ಒಂದೇ ಕೈಗೆ ಭಾರ ಕೊಟ್ಟು ಎದ್ದು ನೋಡಿ. ಕಾಲು ಹೊರಕ್ಕೆ ಜಾರಿದರೆ ಬೇರೆಯದು ತೋರಿಸಲು ಹೇಳಿ.